ಇಲಿನಾ, ಗಿನಿ ಪಿಗ್ಗಾ, ಮೊಲನಾ, ಹಂದಿನಾ: ಹಾರ್ಟ್ ಪ್ರಾಜೆಕ್ಟ್‌ಗೆ ಯಾವ್ದನ್ನ ತಗೋಬೇಕು?

ಸಿನಾಪ್ಸಿಸ್, ಅಂದ್ರೆ ಪ್ರಾಜೆಕ್ಟ್ ಪ್ಲಾನ್ ಕೊಡೋ ಟೈಮ್ ಬಂತು ಅಂದ್ರೆ ಸಾಕು, ಜೂನಿಯರ್ಸ್ ಕಡೆಯಿಂದ ಒಂದೇ ಥರದ ಮೆಸೇಜ್ ಶುರು ಆಗುತ್ತೆ. "ಅಕ್ಕ, ಸರ್ ಹಾರ್ಟ್ ಮೇಲೆ ಏನಾದ್ರೂ ಮಾಡು ಅಂದಿದಾರೆ, ಐಸೋಪ್ರೊಟೆರೆನಾಲ್ ಮಾಡ್ಲಾ, ಲ್ಯಾಂಗೆಂಡಾರ್ಫ್ ಮಾಡ್ಲಾ, ಎಕೋ ಮಾಡಿಸಿದ್ರೆ ಪೇಪರ್ ಒಳ್ಳೆ ಜರ್ನಲ್‌ಗೆ ಹೋಗುತ್ತಂತೆ ಹೌದಾ?" ಐಸೋಪ್ರೊಟೆರೆನಾಲ್ ಅಂದ್ರೆ ಹಾರ್ಟ್‌ನ ಅತಿಯಾಗಿ ಓಡಿಸಿ ಕೆಡಿಸೋ ಡ್ರಗ್, ಲ್ಯಾಂಗೆಂಡಾರ್ಫ್ ಅಂದ್ರೆ ಹಾರ್ಟ್‌ನ ಹೊರಗೆ ತೆಗೆದು ಬಡಿಸೋ ಪದ್ಧತಿ, ಎಕೋ ಅಂದ್ರೆ ಹಾರ್ಟ್‌ನ ಅಲ್ಟ್ರಾಸೌಂಡ್. ಈ ಸಲ ಒಂದೇ ವಾರದಲ್ಲಿ ನಾಲ್ಕು ಜನ ಕೇಳಿದ್ರು, ಒಬ್ಬೊಬ್ಬರಿಗೂ ವಾಯ್ಸ್ ನೋಟ್ ಕಳಿಸಿ ಕಳಿಸಿ ಗಂಟಲು ಕಟ್ಕೊಂಡು ಹೋಯ್ತು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದು ಬಿಸಾಕೋಣ ಅಂತ ಕೂತಿದೀನಿ. ನಾನು ಬೆಂಗಳೂರಲ್ಲೇ ಎಂ.ಫಾರ್ಮ್ ಮಾಡಿ, ಪಿಎಚ್‌ಡಿಲಿ ಐದು ವರ್ಷ ಹೊರಗೆ ತೆಗೆದ ಹಾರ್ಟ್‌ಗೆ ದ್ರಾವಣ ಹರಿಸೋ ಪರ್ಫ್ಯೂಷನ್ ಸೆಟಪ್ ಜೊತೆ ಸಂಸಾರ ಮಾಡಿದವಳು, ಹಾಗಾಗಿ ಸ್ವಲ್ಪ ಪಕ್ಷಪಾತ ಇರುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಮೊದಲು ಒಂದು ಮಾತು. ಪ್ರಯೋಗಕ್ಕೆ ಬಳಸೋ ಪ್ರಾಣಿ, ಪದ್ಧತಿಗೆ ಮಾಡೆಲ್ ಅಂತೀವಿ. "ಯಾವ ಮಾಡೆಲ್ ಬೆಸ್ಟ್" ಅಂತ ಕೇಳೋದು ಮೆಜೆಸ್ಟಿಕ್‌ನಲ್ಲಿ ನಿಂತ್ಕೊಂಡು "ಯಾವ ಬಸ್ ಬೆಸ್ಟ್" ಅಂತ ಕೇಳ್ದಂಗೆ. ಎಲ್ಲಿಗೆ ಹೋಗ್ಬೇಕು ಅಂತ ಹೇಳಿದ್ರೆ ತಾನೇ ಕಂಡಕ್ಟರ್ ಬಾಯಿ ಬಿಡೋದು? ನಿಮ್ಮ ಔಷಧಿ ಹಾರ್ಟ್‌ನ ಯಾವ ಕೆಲಸದ ಮೇಲೆ ಪರಿಣಾಮ ಮಾಡುತ್ತೆ ಅಂತ ನಿಮ್ಮ ಅನುಮಾನ? ಹಿಂಡೋ ಶಕ್ತಿನಾ, ಬಡಿತದ ಲಯನಾ, ಹಾರ್ಟ್‌ಗೇ ರಕ್ತ ಕೊಡೋ ಕರೋನರಿ ರಕ್ತನಾಳ ಹಿಗ್ಗೋದಾ, ಇಲ್ಲ ರಕ್ತ ನಿಂತಾಗ ಸಾಯೋ ಮಾಂಸ ಕಡಿಮೆ ಆಗೋದಾ? ಇವು ನಾಲ್ಕೂ ಬೇರೆ ಬೇರೆ ಪ್ರಶ್ನೆ, ಒಂದಕ್ಕೆ ಒಳ್ಳೇದಾದ ಪ್ರಾಣಿ ಇನ್ನೊಂದಕ್ಕೆ ಶುದ್ಧ ವೇಸ್ಟ್.

ಕರೋನರಿ ಬಗ್ಗೆ ಎರಡು ವಿಷಯ ತಲೇಲಿ ಇಟ್ಕೊಂಡ್ರೆ ಮುಂದಿಂದೆಲ್ಲ ಸಲೀಸು. ಮೈಯಲ್ಲಿ ಬೇರೆ ಅಂಗಗಳು ಬರೋ ಆಮ್ಲಜನಕದಲ್ಲಿ ಸುಮಾರು ಕಾಲು ಭಾಗ ತಗೊಂಡು ಉಳಿದಿದ್ದನ್ನ ವಾಪಸ್ ಕಳಿಸ್ತವೆ, ಹಾರ್ಟ್ ಮಾತ್ರ ಸುಮ್ನೆ ಕೂತಾಗ್ಲೂ ನೂರಕ್ಕೆ 70ರಿಂದ 75ರಷ್ಟು ಹೀರ್ಕೊಂಡು ಬಿಡುತ್ತೆ, ಅಂದ್ರೆ ಕೆಲಸ ಜಾಸ್ತಿ ಆದಾಗ ಇನ್ನೂ ಹೀರೋಣ ಅಂದ್ರೆ ಹೆಚ್ಚಿಗೆ ಏನೂ ಉಳಿದಿರಲ್ಲ, ಹರಿವನ್ನೇ ಜಾಸ್ತಿ ಮಾಡ್ಕೋಬೇಕು, ಅದಕ್ಕೇ ಕರೋನರಿ ಫ್ಲೋ ಅನ್ನೋ ನಂಬರ್‌ಗೆ ಅಷ್ಟು ಬೆಲೆ. ಎರಡನೇದು, ಎಡ ಭಾಗಕ್ಕೆ ಈ ರಕ್ತ ಹೆಚ್ಚಾಗಿ ಹರಿಯೋದು ಹಾರ್ಟ್ ಹಿಂಡೋವಾಗ ಅಲ್ಲ, ಸಡಿಲ ಆದಾಗ. ಹಿಂಡಿದಾಗ ತನ್ನ ನಾಳಗಳನ್ನ ತಾನೇ ಹಿಸುಕ್ಕೊಳ್ಳುತ್ತೆ ಪಾಪ. ಬಡಿತ ಜಾಸ್ತಿ ಆದಷ್ಟೂ ಸಡಿಲ ಆಗೋ ಟೈಮ್ ಕಮ್ಮಿ.

ಈಗ ಯಾವುದರ ಮೇಲೆ ಅಳೀಬೇಕು ಅಂತ ನೋಡೋಣ. ಒಂದು, ಈಗ ಹೇಳಿದ ಪ್ರಶ್ನೆ. ಎರಡು, ಆ ಪ್ರಾಣಿಯ ಹಾರ್ಟ್ ಆ ವಿಷಯದಲ್ಲಿ ಮನುಷ್ಯರಿಗೆ ಎಷ್ಟು ಹತ್ತಿರ. ಮೂರು, ನಿಮ್ಮ ಕೈ ಎಷ್ಟು ಪಳಗಿದೆ, ಲ್ಯಾಬ್‌ನಲ್ಲಿ ಏನಿದೆ. ನಾಲ್ಕು, ಪರ್ಮಿಷನ್ನು. ಇಲಿ, ಗಿನಿ ಪಿಗ್, ಮೊಲಕ್ಕೆಲ್ಲ ಕಾಲೇಜಿನ ಎಥಿಕ್ಸ್ ಕಮಿಟಿ ಸಾಕು, ನಾಯಿ ಹಂದಿ ಥರದ ದೊಡ್ಡ ಪ್ರಾಣಿ ಅಂದ್ರೆ ಫೈಲು ಪ್ರಾಣಿ ಪ್ರಯೋಗ ನೋಡ್ಕೊಳ್ಳೋ ಕೇಂದ್ರದ ಸಮಿತಿ ಸಿಸಿಎಸ್‌ಇಎಗೆ ಹೋಗ್ಬೇಕು, ನಾವೆಲ್ಲ ಸಿಪಿಸಿಎಸ್‌ಇಎ ಅಂತಿದ್ವಲ್ಲ ಅದೇ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೆಳಗೆ ಇರೋದು. ಐದು, ದುಡ್ಡು. ಆರನೇದನ್ನ ಯಾರೂ ಕೇಳಲ್ಲ, ಎಷ್ಟು ಪ್ರಾಣಿ ಸಾಯುತ್ತೆ ಅಂತ. ರಸೆಲ್ ಮತ್ತು ಬರ್ಚ್ 1959ರಲ್ಲೇ ಮೂರು ಆರ್ ಅಂತ ಹೇಳಿದ್ದು ವೈವಾದಲ್ಲಿ ಒಪ್ಪಿಸೋಕೆ ಅಲ್ಲ, ಪ್ರಾಣಿ ಇಲ್ದೆ ಆಗುತ್ತಾ, ಕಮ್ಮಿಲಿ ಆಗುತ್ತಾ, ನೋವು ಕಮ್ಮಿ ಮಾಡಿ ಆಗುತ್ತಾ ಅಂತ ನಿಜವಾಗ್ಲೂ ಕೂತು ಯೋಚನೆ ಮಾಡೋಕೆ.

ನಮ್ಮ ಕಡೆ ಎಲ್ಲರೂ ಮಾಡೋದು ಐಸೋಪ್ರೊಟೆರೆನಾಲ್, ಅದರಿಂದಾನೇ ಶುರು ಮಾಡ್ತೀನಿ. ಇಲಿಗೆ ಕೆಜಿಗೆ 85 ಮಿ.ಗ್ರಾಂ ಲೆಕ್ಕದಲ್ಲಿ 24 ಗಂಟೆ ಗ್ಯಾಪ್‌ನಲ್ಲಿ ಎರಡು ದಿನ ಚರ್ಮದ ಕೆಳಗೆ ಚುಚ್ಚೋದು, ಅದಕ್ಕೆ ಮುಂಚೆ ಮೂರ್ನಾಲ್ಕು ವಾರ ಹೊಳೆಮತ್ತಿ ತೊಗಟೆನೋ ಬೆಟ್ಟದ ನೆಲ್ಲಿನೋ ಎಕ್ಸ್‌ಟ್ರಾಕ್ಟ್ ಕುಡಿಸೋದು, ಆಮೇಲೆ ಹಾರ್ಟ್ ಕೋಶ ಕೆಟ್ಟಾಗ ರಕ್ತಕ್ಕೆ ಸೋರೋ ಸಿಕೆ-ಎಂಬಿ, ಎಲ್‌ಡಿಎಚ್ ನೋಡಿ, ಹಿಸ್ಟೋಪಥಾಲಜಿ ಸ್ಲೈಡ್ ಹೊರಗಡೆ ಕೊಟ್ಟು ಮಾಡಿಸಿ ಥೀಸಿಸ್ ಬೈಂಡ್ ಮಾಡಿಸೋದು. ಖರ್ಚು ಸಾವಿರದ ಲೆಕ್ಕದಲ್ಲಿ ಮುಗಿಯುತ್ತೆ, ಆಪರೇಷನ್ ಬರ್ಬೇಕು ಅಂತಿಲ್ಲ, ಎಂಟ್ಹತ್ತು ತಿಂಗಳಲ್ಲಿ ಕೆಲಸ ಕ್ಲೋಸ್. ನಾನೂ ಎಂ.ಫಾರ್ಮ್‌ನಲ್ಲಿ ಇದನ್ನೇ ಮಾಡಿದ್ದು, ತಮಾಷೆ ಮಾಡ್ತಿಲ್ಲ. ಆದ್ರೆ ಇದನ್ನ ಹಾರ್ಟ್ ಅಟ್ಯಾಕ್ ಮಾಡೆಲ್ ಅಂತ ಎದೆ ತಟ್ಕೊಂಡು ಹೇಳ್ಬೇಡಿ, ಇದರಲ್ಲಿ ಯಾವ ಕರೋನರಿನೂ ಬ್ಲಾಕ್ ಆಗಿರಲ್ಲ. ಬಡಿತ ಏರಿಸೋ ಬೀಟಾ ರಿಸೆಪ್ಟರ್‌ಗಳನ್ನ ಬಾರುಕೋಲಲ್ಲಿ ಹೊಡೆದ ಹಾಗೆ ಓಡಿಸಿ, ಆಮ್ಲಜನಕದ ಬೇಡಿಕೆ ಸಪ್ಲೈ ಮೀರಿ, ಜೀವಕೋಶದೊಳಗೆ ಕ್ಯಾಲ್ಸಿಯಂ ತುಂಬ್ಕೊಂಡು ಒಳ ಪದರದಲ್ಲಿ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಸಾಯೋದು ಅದು. ನಿಮ್ಮ ಎಕ್ಸ್‌ಟ್ರಾಕ್ಟ್‌ಗೆ ಸ್ವಲ್ಪ ಬೀಟಾ ಬ್ಲಾಕರ್ ಗುಣ, ಅಂದ್ರೆ ಆ ರಿಸೆಪ್ಟರ್ ತಡೆಯೋ ಗುಣ ಇದ್ರೂ ಸಾಕು, ಎಲ್ಲಾ ನಂಬರ್ ಚೆನ್ನಾಗಿ ಬರುತ್ತೆ, ಹಾರ್ಟ್‌ನ ಕಾಪಾಡ್ತಾ, ಇಲ್ಲಾ ಬರೀ ಐಸೋಪ್ರೊಟೆರೆನಾಲ್‌ಗೆ ಅಡ್ಡ ನಿಂತ್ಕೊಂಡಿತಾ ಅಂತ ಎಕ್ಸಾಮಿನರ್ ಕೇಳಿದ್ರೆ ಸೀಲಿಂಗ್ ಫ್ಯಾನ್ ನೋಡ್ತಾ ನಿಲ್ಬೇಕಾಗುತ್ತೆ. ಇನ್ನೊಂದು, ಸೊಲ್ಯೂಷನ್ ಆವತ್ತಿಂದ ಆವತ್ತೇ ಮಾಡಿ. ಆಕ್ಸಿಡೈಸ್ ಆದ್ರೆ ತಿಳಿ ಗುಲಾಬಿ ಬಣ್ಣ ತಿರುಗುತ್ತೆ, ಆ ಬಣ್ಣ ಕಂಡ್ರೆ ಸಿಂಕ್‌ಗೆ ಸುರೀರಿ, "ಸ್ವಲ್ಪ ತಾನೇ" ಅಂತ ಚುಚ್ಬೇಡಿ. ಟ್ರೋಪೊನಿನ್, ಅಂದ್ರೆ ಹಾರ್ಟ್ ಮಾಂಸ ಕೆಟ್ಟಾಗ ರಕ್ತಕ್ಕೆ ಬರೋ ಪ್ರೋಟೀನ್ ನೋಡೋ ಪ್ಲಾನ್ ಇದ್ರೆ ಅದು ಮೊದಲನೇ ಡೋಸ್ ಆದ ಕೆಲವೇ ಗಂಟೆಗಳಲ್ಲಿ ಏರಿ ಇಳಿಯೋಕೆ ಶುರು ಮಾಡುತ್ತೆ, ಎರಡು ದಿನ ಬಿಟ್ಟು ರಕ್ತ ತೆಗೆದು ಕಿಟ್ ಸರಿಯಿಲ್ಲ ಅಂತ ಬೈಕೊಂಡು ಕೂತವರನ್ನ ನಾನೇ ನೋಡಿದೀನಿ.

ಈಗ ಲ್ಯಾಂಗೆಂಡಾರ್ಫ್. ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಕ್ಷಮಿಸಿ. 1895ರಲ್ಲಿ ಜರ್ಮನಿಯ ಆಸ್ಕರ್ ಲ್ಯಾಂಗೆಂಡಾರ್ಫ್ ಅನ್ನೋರು ಕಂಡು ಹಿಡಿದ ಉಪಾಯ ಇದು, ಹಾರ್ಟ್‌ನ ಹೊರಗೆ ತೆಗೆದು, ಅಯೋರ್ಟಾಗೆ, ಅಂದ್ರೆ ಹಾರ್ಟ್‌ನಿಂದ ಹೊರಡೋ ದೊಡ್ಡ ರಕ್ತನಾಳಕ್ಕೆ, ಕ್ಯಾನ್ಯುಲಾ ಅನ್ನೋ ಸಣ್ಣ ನಳಿಕೆ ಕಟ್ಟಿ, ದ್ರಾವಣನ ಉಲ್ಟಾ ದಿಕ್ಕಲ್ಲಿ ಕೆಳಗೆ ಬಿಡೋದು. ಆಗ ಅಯೋರ್ಟಿಕ್ ವಾಲ್ವ್ ಬಾಗಿಲು ಹಾಕ್ಕೊಳ್ಳುತ್ತೆ, ದ್ರಾವಣಕ್ಕೆ ಬೇರೆ ದಾರಿನೇ ಇಲ್ಲ, ಕರೋನರಿ ಬಾಯಿಗಳ ಒಳಗೆ ನುಗ್ಗಿ, ಇಡೀ ಮಾಂಸ ಸುತ್ತಿ, ಬಲ ಏಟ್ರಿಯಂ, ಅಂದ್ರೆ ಮೇಲಿನ ಕೋಣೆ ಕಡೆಯಿಂದ ಹೊರಗೆ ಬಂದು ತೊಟ್ಟಿಕ್ಕುತ್ತೆ. ಕೆಳಗೆ ಮೆಶರಿಂಗ್ ಸಿಲಿಂಡರ್ ಇಟ್ಟು ಒಂದು ನಿಮಿಷ ಹಿಡಿದ್ರೆ ಅದೇ ಕರೋನರಿ ಫ್ಲೋ. ಇದಕ್ಕಿಂತ ನೇರವಾಗಿ ಕರೋನರಿ ನೋಡೋ ಅಗ್ಗದ ದಾರಿ ನನಗಂತೂ ಗೊತ್ತಿಲ್ಲ. ಎಡ ಏಟ್ರಿಯಂ ಮೂಲಕ ಕೆಳಗಿನ ಕೋಣೆ ವೆಂಟ್ರಿಕಲ್‌ನೊಳಗೆ ಪುಟ್ಟ ಬಲೂನ್ ಇಳಿಸಿದ್ರೆ ಹಿಂಡೋ ಒತ್ತಡಾನೂ ಸಿಗುತ್ತೆ, ಆ ಬಲೂನ್‌ನ ನಾವು ಅಡುಗೆಮನೆಯ ಕ್ಲಿಂಗ್ ಫಿಲ್ಮ್‌ನಲ್ಲಿ ದಾರ ಸುತ್ತಿ ಮಾಡ್ಕೊಳ್ತಿದ್ವಿ, ರೆಡಿಮೇಡ್ ಲ್ಯಾಟೆಕ್ಸ್ ಬಲೂನಿಗಿಂತ ಚೆನ್ನಾಗೇ ಕೆಲಸ ಮಾಡ್ತಿತ್ತು.

ಬಜೆಟ್ ಇಲ್ಲ ಅನ್ನೋರಿಗೆ ಸಮಾಧಾನದ ವಿಷಯ, ಇದಕ್ಕೆ ಇಂಪೋರ್ಟೆಡ್ ಯೂನಿಟ್ಟೇ ಬೇಕು ಅಂತಿಲ್ಲ. ಬಫರ್, ಅಂದ್ರೆ ಆ ದ್ರಾವಣದ ರಿಸರ್ವಾಯರ್‌ನ ಹಾರ್ಟ್‌ಗಿಂತ ಒಂದು ಮೀಟರ್ ಮೇಲೆ ಕಟ್ಟಿದ್ರೆ ಸುಮಾರು 73 ಮಿ.ಮೀ. ಪಾದರಸದಷ್ಟು ಒತ್ತಡ ಸಿಗುತ್ತೆ, ಭೂಮಿ ಎಳೆಯೋ ಶಕ್ತಿಗೆ ಜಿಎಸ್‌ಟಿ ಇಲ್ಲ. ಡಬಲ್ ಗೋಡೆಯ ಗ್ಲಾಸ್ ಚೇಂಬರ್ ನಾವು ಪೀಣ್ಯ ಕಡೆ ಗ್ಲಾಸ್ ಊದೋರ ಹತ್ರ ಮಾಡಿಸಿದ್ದು, ಟ್ಯೂಬ್, ಕ್ಲ್ಯಾಂಪ್, ಪುಟ್ಟ ಮೋಟರ್ ಎಲ್ಲ ಎಸ್‌ಪಿ ರೋಡ್. ಬೆವರು ಇಳಿಸೋದು ಮಾತ್ರ ಪ್ರೆಶರ್ ಟ್ರಾನ್ಸ್‌ಡ್ಯೂಸರ್ ಮತ್ತು ರೆಕಾರ್ಡಿಂಗ್ ಸಿಸ್ಟಮ್, ಅದು ಲಕ್ಷದ ಲೆಕ್ಕ, ಡಿಪಾರ್ಟ್‌ಮೆಂಟ್‌ನಲ್ಲಿ ಹಳೇದೇನಾದ್ರೂ ಧೂಳು ತಿಂತಾ ಬಿದ್ದಿದ್ಯಾ ಅಂತ ಮೊದಲು ಅಟೆಂಡರ್‌ನ ಕೇಳಿ, ಎಚ್‌ಒಡಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.

ನೀರಿನ ವಿಷಯ ಹೇಳ್ದೆ ಇದ್ರೆ ನನ್ನ ಐದು ವರ್ಷಕ್ಕೆ ಮರ್ಯಾದೆ ಇಲ್ಲ. 1880ರ ದಶಕದಲ್ಲಿ ಲಂಡನ್‌ನ ಸಿಡ್ನಿ ರಿಂಗರ್ ಕಪ್ಪೆ ಹಾರ್ಟ್ ಮೇಲೆ ಕೆಲಸ ಮಾಡ್ತಾ ಉಪ್ಪು ನೀರಲ್ಲೇ ಹಾರ್ಟ್ ಚೆನ್ನಾಗಿ ಬಡ್ಕೊಳ್ಳುತ್ತೆ ಅಂತ ಬರೆದ್ರು, ಆಮೇಲೆ ಗೊತ್ತಾಯ್ತು ಡಿಸ್ಟಿಲ್ಡ್ ವಾಟರ್ ಬದಲು ನಲ್ಲಿ ನೀರು ಹೋಗಿತ್ತು ಅಂತ, ನಲ್ಲಿ ನೀರಲ್ಲಿದ್ದ ಕ್ಯಾಲ್ಸಿಯಮ್ಮೇ ಹಾರ್ಟ್‌ನ ಓಡಿಸ್ತಿತ್ತು. ಅವರಿಗೆ ಆ ತಪ್ಪಿಂದ ಹೆಸರು ಬಂತು, ನಮಗೆ ಬೈಗುಳ ಬಂತು. ಒಂದು ಬೇಸಿಗೆ, ಟ್ಯಾಂಕರ್ ನೀರಿನ ಕಾಲ, ನಮ್ಮ ಲ್ಯಾಬ್‌ನ ಡಿಸ್ಟಿಲೇಷನ್ ಯೂನಿಟ್ ಕಾಯಿಲ್ ಸುಣ್ಣ ಕಟ್ಟಿ ಸುಟ್ಟೋಯ್ತು, ಯಾರೋ ಪುಣ್ಯಾತ್ಮರು ಕ್ಯಾನ್ ಖಾಲಿ ಇರ್ಬಾರ್ದು ಅಂತ ಫಿಲ್ಟರ್ ನೀರು ತುಂಬಿಸಿ ಇಟ್ಟಿದ್ರು. ನಾನು ಅದರಲ್ಲೇ ಕ್ರೆಬ್ಸ್ ಬಫರ್ ಮಾಡಿದೆ. ನಿಮಿಷಕ್ಕೆ 11 ಮಿ.ಲೀ. ಇದ್ದ ಫ್ಲೋ ಅರ್ಧ ಗಂಟೇಲಿ 6ಕ್ಕೆ ಬಂತು, ಮರುದಿನಾನೂ ಹಂಗೇ, ನಾವು ಖುಷಿಯಾಗಿ "ಎಕ್ಸ್‌ಟ್ರಾಕ್ಟ್ ಕರೋನರಿ ಕುಗ್ಗಿಸ್ತಿದೆ, ಹೊಸ ಫೈಂಡಿಂಗ್" ಅಂತ ಗೈಡ್‌ಗೆ ಹೇಳೋಕೆ ರೆಡಿ ಆಗಿದ್ವಿ. ಮೂರನೇ ದಿನ ಎಕ್ಸ್‌ಟ್ರಾಕ್ಟೇ ಹಾಕದ ಕಂಟ್ರೋಲ್ ಹಾರ್ಟೂ ಅದೇ ಥರ ಬತ್ತಿ ಹೋಯ್ತು. ಬೋರ್‌ವೆಲ್ ನೀರಲ್ಲಿ ಫಿಲ್ಟರ್ ಆದ್ಮೇಲೂ ಉಳಿದ ಗಡಸು ಬಫರ್‌ನ ಫಾಸ್ಫೇಟ್ ಜೊತೆ ಸೇರಿ ಕಣ್ಣಿಗೆ ಕಾಣ್ದಷ್ಟು ಸಣ್ಣ ಪುಡಿ ಆಗಿ ನಾಳಗಳಿಗೆ ಅಡ್ಡ ಕೂರ್ತಿತ್ತು. ಮೂರು ದಿನ, ಮೂರು ಇಲಿ, ಸುಮ್ಸುಮ್ನೆ. ಅವತ್ತಿಂದ ನಾನು ಕ್ಯಾನ್ ಮೇಲೆ ಡೇಟ್ ಬರೆದು ನನ್ನ ಸೈನ್ ಇಲ್ದಿರೋ ನೀರು ಮುಟ್ಟಿಲ್ಲ.

ಬಫರ್ ಇನ್ನೇನಿಲ್ಲ, 1932ರ ಕ್ರೆಬ್ಸ್-ಹೆನ್ಸೆಲೈಟ್, ಸೋಡಿಯಂ ಕ್ಲೋರೈಡ್ 118, ಪೊಟ್ಯಾಸಿಯಂ ಕ್ಲೋರೈಡ್ 4.7, ಬೈಕಾರ್ಬೊನೇಟ್ 25, ಗ್ಲೂಕೋಸ್ 11 ಮಿಲಿಮೋಲಾರ್, ಆಮೇಲೆ ಮೆಗ್ನೀಸಿಯಂ, ಫಾಸ್ಫೇಟ್ ಒಂದೊಂದೂ 1.2 ಆಸುಪಾಸು. ಕ್ಯಾಲ್ಸಿಯಂ ಕೊನೇಲಿ, ಗ್ಯಾಸ್ ಬಬಲ್ ಮಾಡಿ ಪಿಎಚ್ 7.4 ಬಂದಮೇಲೆ ಹಾಕಿ, ಮುಂಚೆ ಹಾಕಿದ್ರೆ ಮಜ್ಜಿಗೆ ಥರ ಬಿಳಿ ತಿರುಗುತ್ತೆ. ಗ್ಯಾಸ್ ಅಂದ್ರೆ ಕಾರ್ಬೊಜನ್, 95 ಭಾಗ ಆಕ್ಸಿಜನ್ 5 ಭಾಗ ಇಂಗಾಲದ ಡೈಆಕ್ಸೈಡ್, ಬರೀ ಆಸ್ಪತ್ರೆ ಆಕ್ಸಿಜನ್ ಸಿಲಿಂಡರ್ ತಂದು ಬಿಟ್ರೆ ಪಿಎಚ್ ಮೇಲೆ ಹೋಗಿ ಕೂರುತ್ತೆ.

ಲ್ಯಾಂಗೆಂಡಾರ್ಫ್ ಒಳಗೇ ಇನ್ನೊಂದು ಆಯ್ಕೆ ಇದೆ, ಒತ್ತಡ ಫಿಕ್ಸ್ ಮಾಡ್ಬೇಕಾ ಹರಿವು ಫಿಕ್ಸ್ ಮಾಡ್ಬೇಕಾ ಅಂತ, ಇದನ್ನ ಸಿನಾಪ್ಸಿಸ್‌ನಲ್ಲೇ ಬರೀಬೇಕು. ಒತ್ತಡ ಫಿಕ್ಸ್ ಮಾಡಿದ್ರೆ ನಾಳ ಹಿಗ್ಗಿದಾಗ ಹರಿವು ಏರುತ್ತೆ, ಹಾರ್ಟ್ ತನಗೆ ಬೇಕಾದಷ್ಟು ತಾನೇ ತಗೊಳ್ಳುತ್ತೆ. ಪಂಪ್ ಹಾಕಿ ಹರಿವು ಫಿಕ್ಸ್ ಮಾಡಿದ್ರೆ ನಾಳ ಹಿಗ್ಗಿದಾಗ ಒತ್ತಡ ಇಳಿಯುತ್ತೆ, ಗ್ರಾಫ್ ನೋಡೋಕೆ ಚಂದ, ಡ್ರಗ್ ಕಾನ್ಸಂಟ್ರೇಷನ್ ಕೂಡ ಆಚೀಚೆ ಆಗಲ್ಲ, ಆದ್ರೆ ಹಾರ್ಟ್ ಬೇಡ ಅಂದ್ರೂ ಪಂಪ್ ತುರುಕ್ತಾ ಇರುತ್ತೆ. ನಾಳ ಹಿಗ್ಗಿಸೋ ಔಷಧಿ ಮಾತ್ರ ನೋಡೋದಾದ್ರೆ ಪಂಪ್ ಸರಿ. ಇಸ್ಕೀಮಿಯಾ ಮಾಡಿ, ಅಂದ್ರೆ ಅರ್ಧ ಗಂಟೆ ಹರಿವು ನಿಲ್ಲಿಸಿ ವಾಪಸ್ ಬಿಟ್ಟು ಎಷ್ಟು ಚೇತರಿಸಿಕೊಳ್ಳುತ್ತೆ ಅಂತ ನೋಡೋದಾದ್ರೆ ಒತ್ತಡ ಫಿಕ್ಸ್ ಮಾಡೋದೇ ವಾಸಿ. ಒತ್ತಡದ ಪದ್ಧತಿಯಲ್ಲಿ ಸೈಡ್ ಟ್ಯೂಬ್‌ನಿಂದ ಡ್ರಗ್ ಬಿಡ್ತಿದ್ರೆ ಫ್ಲೋ ಬದಲಾದಂಗೆಲ್ಲ ಡ್ರಗ್ ಸ್ಪೀಡೂ ಬದಲಾಯಿಸ್ಬೇಕು, ಇಲ್ಲಾಂದ್ರೆ ಫ್ಲೋ ಡಬಲ್ ಆದಾಗ ಡೋಸ್ ಅರ್ಧ ಆಗಿರುತ್ತೆ, ನಿಮಗೆ ಗೊತ್ತೇ ಆಗಲ್ಲ.

ಇದರ ದೌರ್ಬಲ್ಯಾನೂ ಹೇಳ್ಬೇಕಲ್ಲ. ರಕ್ತ ಇಲ್ಲ, ಹಿಮೋಗ್ಲೋಬಿನ್ ಇಲ್ಲ, ನೀರಲ್ಲಿ ಕರಗೋ ಆಕ್ಸಿಜನ್ ತುಂಬಾ ಕಮ್ಮಿ, ಅದಕ್ಕೆ ಹಾರ್ಟ್ ನಾಳಗಳನ್ನ ಮೊದಲೇ ಸಾಕಷ್ಟು ಹಿಗ್ಗಿಸಿಕೊಂಡು ಕೂತಿರುತ್ತೆ, ಇಲಿ ಹಾರ್ಟ್‌ನಲ್ಲಿ ಒಂದು ಗ್ರಾಂಗೆ ನಿಮಿಷಕ್ಕೆ 10 ಮಿ.ಲೀ. ಅಕ್ಕಪಕ್ಕ, ಮೈಯೊಳಗೆ ಇರೋದಕ್ಕಿಂತ ತುಂಬಾ ಜಾಸ್ತಿ. ನರ ಇಲ್ಲ, ಹಾರ್ಮೋನ್ ಇಲ್ಲ, ಗಂಟೆ ಕಳೀತಾ ಕಳೀತಾ ನೀರು ಕುಡಿದು ಊದ್ಕೊಳ್ಳುತ್ತೆ. ಬೆಳಗ್ಗೆ ಕಟ್ಟಿದ ಹಾರ್ಟ್ ಮಧ್ಯಾಹ್ನದ ತನಕ ಇರುತ್ತೆ ಅಷ್ಟೇ, ಮಧ್ಯ ಕರೆಂಟ್ ಹೋದ್ರೆ ವಾಟರ್ ಬಾತ್ ತಣ್ಣಗಾಗಿ ಬಡಿತ ಇಳಿಯುತ್ತೆ, ಯುಪಿಎಸ್ ಲೈನ್‌ಗೇ ಪ್ಲಗ್ ಹಾಕಿ. ಕೈ ಪಳಗೋಕೆ ಟೈಮ್ ಬೇಕು, ಎದೆ ತೆರೆದು ಹಾರ್ಟ್ ತೆಗೆದು ಐಸ್ ಬಫರ್‌ಗೆ ಹಾಕಿ ಕ್ಯಾನ್ಯುಲಾಗೆ ಕಟ್ಟೋದೆಲ್ಲ ಒಂದೆರಡು ನಿಮಿಷದಲ್ಲಿ ಮುಗೀಬೇಕು, ಕ್ಯಾನ್ಯುಲಾ ಸ್ವಲ್ಪ ಆಳಕ್ಕೆ ಹೋದ್ರೆ ಕರೋನರಿ ಬಾಯಿನೇ ಮುಚ್ಚುತ್ತೆ, ಹಾರ್ಟ್ ಕೆಂಪಿಂದ ಮಾಸಲು ಬಣ್ಣಕ್ಕೆ ತಿರುಗಿ ತೊಗಲಿನ ಚೀಲದ ಥರ ಜೋಲು ಬೀಳುತ್ತೆ. ಕಮಿಟಿಗೆ ಪರ್ಮಿಷನ್ ಅರ್ಜಿ ಫಾರ್ಮ್ ಬಿ ತುಂಬೋವಾಗಲೇ ಪ್ರಾಕ್ಟೀಸ್‌ಗೆ ಇಷ್ಟು ಇಲಿ ಅಂತ ನಿಜ ಹೇಳಿ ಕೇಳ್ಕೊಳ್ಳಿ, ಯಾವ ಹಾರ್ಟ್‌ನ ಲೆಕ್ಕದಿಂದ ಬಿಡ್ತೀನಿ ಅನ್ನೋ ರೂಲ್ ಕೂಡ ಮೊದಲೇ ಬರೆದಿಡಿ, ರಿಸಲ್ಟ್ ನೋಡಿದ ಮೇಲೆ ಬರೆದ್ರೆ ಅದು ರೂಲ್ ಅಲ್ಲ. ಹಾರ್ಟ್ ನಿಜವಾಗಿ ಪಂಪ್ ಮಾಡೋದನ್ನೇ ನೋಡ್ಬೇಕು ಅಂದ್ರೆ 1967ರಲ್ಲಿ ನೀಲಿ ಅನ್ನೋರ ಗುಂಪು ಮಾಡಿದ ವರ್ಕಿಂಗ್ ಹಾರ್ಟ್ ಇದೆ, ಎಡ ಏಟ್ರಿಯಂಗೆ ತುಂಬಿಸಿ ಅದರಿಂದ್ಲೇ ಹೊರಗೆ ತಳ್ಳಿಸೋದು, ಎಂ.ಫಾರ್ಮ್ ಅವಧಿಲಿ ದಯವಿಟ್ಟು ಬೇಡ.

ಈಗ ಪ್ರಾಣಿ. ಲ್ಯಾಂಗೆಂಡಾರ್ಫ್‌ಗೆ ಇಲಿನೇ ಯಾಕೆ? ಸಿಗುತ್ತೆ, ಅಗ್ಗ, ಹಾರ್ಟ್ ಸುಮಾರು ಒಂದು ಗ್ರಾಂ, ಹಿಡಿಯೋಕೆ ಆಗುತ್ತೆ. ಕರೋನರಿ ಒಂದಕ್ಕೊಂದು ಕೂಡ್ಕೊಳ್ಳೋ ಅಡ್ಡದಾರಿಗಳು, ಕೊಲ್ಯಾಟರಲ್ಸ್ ಅಂತೀವಲ್ಲ, ಇಲಿಲಿ ತೀರಾ ಕಮ್ಮಿ, ಹಾಗಾಗಿ ಒಂದು ನಾಳ ಕಟ್ಟಿದ್ರೆ ಅದರ ಕೆಳಗಿನ ಜಾಗ ಖಂಡಿತ ಸಾಯುತ್ತೆ, ಇನ್ಫಾರ್ಕ್ಟ್, ಅಂದ್ರೆ ಆ ಸತ್ತ ಜಾಗ ಅಳೆಯೋಕೆ ಅನುಕೂಲ. ಆದ್ರೆ ಲಯದ ವಿಷಯಕ್ಕೆ ಬಂದ್ರೆ ಇಲಿ ಸುಳ್ಳು ಹೇಳುತ್ತೆ. ಮೈಯೊಳಗೆ ಅದರ ಬಡಿತ ನಿಮಿಷಕ್ಕೆ 300ರ ಮೇಲೆ, ಒಂದೊಂದು ಬಡಿತದ ಕರೆಂಟ್ ಏರಿಳಿತ, ಅಂದ್ರೆ ಆಕ್ಷನ್ ಪೊಟೆನ್ಷಿಯಲ್‌ಗೆ ನಮ್ಮ ಥರ ಮಧ್ಯ ಉದ್ದಕ್ಕೆ ಸಮತಟ್ಟಾಗಿ ನಿಲ್ಲೋ ಪ್ಲಾಟೋ ಇಲ್ಲ, ಮನುಷ್ಯರಲ್ಲಿ ಹರ್ಗ್ ಅನ್ನೋ ಪೊಟ್ಯಾಸಿಯಂ ಚಾನಲ್ ಮಾಡೋ ಕೆಲಸವನ್ನ ಇಲಿಲಿ ಬೇರೆ ಚಾನಲ್‌ಗಳು ಮಾಡ್ತವೆ. ನಿಮ್ಮ ಔಷಧಿ ಕ್ಯುಟಿ, ಅಂದ್ರೆ ಇಸಿಜಿಲಿ ಕಾಣೋ ಕೆಳಗಿನ ಕೋಣೆ ಹಿಂಡಿ ಮತ್ತೆ ರೆಡಿ ಆಗೋ ಟೈಮ್ ಉದ್ದ ಮಾಡುತ್ತಾ ಅಂತ ಇಲಿಲಿ ನೋಡಿ "ಸೇಫ್" ಅಂತ ಬರೆದ್ರೆ ತಿಳಿದವರು ನಗ್ತಾರೆ. ಟರ್ಫೆನಡೀನ್ ಅನ್ನೋ ಅಲರ್ಜಿ ಮಾತ್ರೆ ಅಮೆರಿಕದಲ್ಲಿ ಮಾರ್ಕೆಟ್ ಬಿಟ್ಟು ಹೋಗಿದ್ದೇ ಈ ಚಾನಲ್ ಕಾಟಕ್ಕೆ. ಹಾರ್ಟ್ ಹಿಂಡೋ ಶಕ್ತಿ ಏರಿಸೋ ಡಿಗಾಕ್ಸಿನ್ ಥರದ್ದಕ್ಕೂ ಇಲಿ ಬಗ್ಗಲ್ಲ, ಮನುಷ್ಯರಿಗೆ ವಿಷ ಆಗೋ ಮಟ್ಟಕ್ಕೂ ಅದು ಕ್ಯಾರೇ ಅನ್ನಲ್ಲ.

ಅಲ್ಲಿಗೆ ಗಿನಿ ಪಿಗ್. ಕ್ಯುಟಿಗೆ, ಡಿಗಾಕ್ಸಿನ್ ಥರದ ಗ್ಲೈಕೋಸೈಡ್‌ಗಳಿಗೆ, ಪೊಟ್ಯಾಸಿಯಂ ಚಾನಲ್‌ಗಳಿಗೆ ಇದು ನಮಗೆ ತುಂಬಾ ಹತ್ತಿರ. ಕಣಗಿಲೆ ಜಾತಿಯ ಗಿಡದ ಗ್ಲೈಕೋಸೈಡ್ ಮೇಲೆ ಕೆಲಸ ಮಾಡೋರು ಇಲಿ ಕಡೆ ತಿರುಗೂ ನೋಡ್ಬೇಡಿ. ಅದೇ ಗಿನಿ ಪಿಗ್‌ಗೆ ಕರೋನರಿ ಕಟ್ಟಿ ಹಾರ್ಟ್ ಅಟ್ಯಾಕ್ ಮಾಡೋಣ ಅಂತ ಹೋದ್ರೆ ಏನೂ ಆಗಲ್ಲ, ಅದರ ಕೊಲ್ಯಾಟರಲ್ಸ್ ನಮ್ಮ ಹಳೇ ಪೇಟೆ ಗಲ್ಲಿಗಳ ಥರ, ಚಿಕ್ಕಪೇಟೆ ಮೇನ್ ರೋಡ್ ಬಂದ್ ಆದ್ರೂ ಸಂದಿಲಿ ನುಗ್ಗಿ ಅವೆನ್ಯೂ ರೋಡ್‌ಗೆ ಬರೋ ಹಾಗೆ ರಕ್ತ ಬಂದೇ ಬರುತ್ತೆ. ಒಬ್ಬ ಹುಡುಗ ಇದನ್ನ ಓದ್ದೆ ಕಮಿಟಿ ಪರ್ಮಿಷನ್‌ನೂ ತಗೊಂಡು ಕಟ್ಟಿ, ಸ್ಟೇನ್ ಮಾಡಿದ್ರೆ ಇಡೀ ಹಾರ್ಟ್ ಕೆಂಪಗೆ ಇತ್ತು. ಟಿಟಿಸಿ ಸ್ಟೇನ್‌ನಲ್ಲಿ ಬದುಕಿರೋ ಮಾಂಸ ಇಟ್ಟಿಗೆ ಕೆಂಪು, ಸತ್ತಿರೋದು ಬಿಳಿಚು, ಅವನಿಗೆ ಬಿಳಿಚು ಸಿಗ್ಲೇ ಇಲ್ಲ, ದಾರ ಸರಿ ಬಿಗಿದಿಲ್ಲ ಅಂತ ಇನ್ನೂ ನಾಲ್ಕು ಪ್ರಾಣಿ ಮೇಲೆ ಟ್ರೈ ಮಾಡಿದ.

ಮೊಲ ಇವೆರಡರ ಮಧ್ಯ. ಕೊಲ್ಯಾಟರಲ್ಸ್ ಕಮ್ಮಿ ಇರೋದ್ರಿಂದ ಇನ್ಫಾರ್ಕ್ಟ್ ಆಗುತ್ತೆ, ಕ್ಯುಟಿ ಕೂಡ ನಂಬಬಹುದು, ಕೊಲೆಸ್ಟರಾಲ್ ತಿನ್ನಿಸಿದ್ರೆ ರಕ್ತನಾಳದಲ್ಲಿ ಕೊಬ್ಬು ಕಟ್ಟೋದನ್ನ ರಷ್ಯಾದ ಅನಿಚ್ಕೋವ್ 1913ರಲ್ಲೇ ಮೊಲದಲ್ಲಿ ತೋರಿಸಿದ್ರು. ಒಂದೇ ಪ್ರಾಣಿಲಿ ಎರಡು ಪ್ರಶ್ನೆ ಕೇಳ್ಬೇಕಾದವರಿಗೆ ನನ್ನ ಓಟು ಮೊಲಕ್ಕೆ. ಅಡ್ಡಿ ಏನು ಅಂದ್ರೆ ಕೇಜ್ ದೊಡ್ಡದು ಬೇಕು, ಬಫರ್ ಜಾಸ್ತಿ ಕುಡಿಯುತ್ತೆ, ಬೇಗ ಹೆದರ್ಕೊಳ್ಳುತ್ತೆ. ಅನಿಮಲ್ ಹೌಸ್ ನೋಡ್ಕೊಳ್ಳೋ ಅಣ್ಣ ಒಬ್ಬರು "ಮೇಡಂ, ಇವತ್ತು ಪಕ್ಕದ ಬಿಲ್ಡಿಂಗ್‌ನಲ್ಲಿ ಡ್ರಿಲ್ಲಿಂಗ್ ಇದೆ, ಇವತ್ತು ಮುಟ್ಬೇಡಿ" ಅಂತ ಹೇಳೋರು, ಅವರ ಮಾತು ಕೇಳಿದ ದಿನ ಡೇಟಾ ಚೆನ್ನಾಗಿರ್ತಿತ್ತು.

ಮೈಸ್, ಅಂದ್ರೆ ಚಿಟ್ಟಿಲಿ ಬಗ್ಗೆ ಚಿಕ್ಕದಾಗಿ, ಇಲ್ಲಿವರೆಗೆ ಇಲಿ ಅಂದಿದ್ದೆಲ್ಲ ರ‍್ಯಾಟ್. ಜೀನ್ ನಾಕೌಟ್, ಅಂದ್ರೆ ಯಾವುದೋ ಜೀನ್ ಕೆಲಸ ನಿಲ್ಲಿಸಿದ ಪ್ರಾಣಿ ಬೇಕಿದ್ರೆ ಮಾತ್ರ ಮೈಸ್. ಹಾರ್ಟ್ ಕಡಲೆಕಾಳಿನಷ್ಟು, ಬಡಿತ 500-600, ಹಾರ್ಟ್ ಮುಂಭಾಗದಲ್ಲಿ ಇಳಿಯೋ ಮುಖ್ಯ ಕರೋನರಿ ಎಲ್‌ಎಡಿ ಮಾಂಸದ ಒಳಗೆ ಅಡಗಿರುತ್ತೆ, ಮೈಕ್ರೋಸ್ಕೋಪ್ ಇಟ್ಟು ಅಂದಾಜಲ್ಲಿ ದಾರ ಹಾಕ್ಬೇಕು. ಇಲಿ ಎಲ್‌ಎಡಿ ಕಟ್ಟೋದು ಅದಕ್ಕಿಂತ ವಾಸಿ, ವೆಂಟಿಲೇಟರ್ ಬೇಕು, ಮೊದಲ ದಿನ ಕೆಲವು ಸಾಯ್ತವೆ, ಬದುಕಿದವು ಕೆಲವು ವಾರದಲ್ಲಿ ಹಾರ್ಟ್ ಫೇಲ್ಯೂರ್ ಕಡೆ ಹೋಗ್ತವೆ. ಪಿಎಚ್‌ಡಿಗೆ ಇದು ಗಟ್ಟಿ ಮಾಡೆಲ್, ನೋವಿನ ಮಾತ್ರೆ ಕೊಡೋ ಪ್ಲಾನ್ ಇಲ್ದೆ ಮಾತ್ರ ಮಾಡ್ಬೇಡಿ.

ಎಕೋ ಕೇಳಿದ್ರಲ್ಲ. ಪರಿಚಯದ ಡಾಕ್ಟರ್ ಕ್ಲಿನಿಕ್‌ಗೆ ಇಲಿ ತಗೊಂಡು ಹೋಗಿ ಎಕೋ ಮಾಡಿಸೋ ಐಡಿಯಾ ಪ್ರತಿ ಬ್ಯಾಚ್‌ನಲ್ಲೂ ಒಬ್ಬರಿಗೆ ಬರುತ್ತೆ. ಲೆಕ್ಕ ಹಾಕಿ, ಇಲಿ ನಿಮಿಷಕ್ಕೆ 350 ಬಡ್ಕೊಂಡ್ರೆ ಸೆಕೆಂಡಿಗೆ ಆರು ಬಡಿತ, ಮೆಷಿನ್ ಸೆಕೆಂಡಿಗೆ 50 ಚಿತ್ರ ತೆಗೆದ್ರೆ ಒಂದು ಬಡಿತಕ್ಕೆ ಎಂಟೇ ಚಿತ್ರ, ಹಿಂಡೋ ತುದಿ ಯಾವ್ದು ಅಂತ ಹೆಂಗೆ ಹುಡುಕ್ತೀರ? ಸಣ್ಣ ಪ್ರಾಣಿಗೆ ಅಂತಲೇ ಇರೋ ಹೈ ಫ್ರೀಕ್ವೆನ್ಸಿ ಪ್ರೋಬ್ ಬೇಕು, ಅಂಥ ಮೆಷಿನ್ ಇರೋ ದೊಡ್ಡ ಇನ್‌ಸ್ಟಿಟ್ಯೂಟ್ ಜೊತೆ ಕೊಲ್ಯಾಬರೇಷನ್ ಆದ್ರೆ ಭೇಷ್. ಅಲ್ಲೂ ಇಲಿಗೆ ಅರಿವಳಿಕೆ ಏನು ಕೊಡ್ತಾರೆ ಅಂತ ಕೇಳಿ, ಕೆಟಮಿನ್-ಜೈಲಜಿನ್ ಕೊಟ್ರೆ ಬಡಿತ ಧುಪ್ ಅಂತ ಬಿದ್ದು ಆರೋಗ್ಯವಾಗಿರೋ ಹಾರ್ಟೂ ಕಾಯಿಲೆ ಥರ ಕಾಣುತ್ತೆ, ಹದವಾಗಿ ಐಸೋಫ್ಲುರೇನ್ ಕೊಟ್ರೆ ವಾಸಿ. ಎಕೋದ ದೊಡ್ಡ ಲಾಭ, ಒಂದೇ ಇಲಿನ ಕೊಲ್ಲದೆ ವಾರವಾರ ನೋಡಬಹುದು, ಪ್ರಾಣಿ ಸಂಖ್ಯೆ ಇಳಿಯುತ್ತೆ.

ನಾಯಿ, ಹಂದಿ. ಕರೋನರಿ ವಿಜ್ಞಾನದ ದೊಡ್ಡ ಮಾತೆಲ್ಲ ನಾಯಿಯಿಂದ ಬಂದಿದ್ದು, ಸಾವು ಒಳ ಪದರದಿಂದ ಹೊರಗೆ ಅಲೆ ಥರ ಹರಡುತ್ತೆ ಅಂತ ರೈಮರ್, ಜೆನ್ನಿಂಗ್ಸ್ 1977ರಲ್ಲಿ ತೋರಿಸಿದ್ದು, 1986ರಲ್ಲಿ ಮರ್ರಿ ಜೊತೆ ಸೇರಿ ಐದೈದು ನಿಮಿಷ ನಾಲ್ಕು ಸಲ ರಕ್ತ ನಿಲ್ಲಿಸಿ ಬಿಟ್ಟು ಆಮೇಲೆ 40 ನಿಮಿಷ ನಿಲ್ಲಿಸಿದ್ರೆ ಸತ್ತ ಜಾಗ ಕಂಟ್ರೋಲ್‌ನ ಕಾಲು ಭಾಗಕ್ಕೆ ಇಳಿಯುತ್ತೆ ಅಂತ ಕಂಡಿದ್ದು, ಎರಡೂ ನಾಯಿಲೇ. ಆದ್ರೆ ನಾಯಿಯಿಂದ ನಾಯಿಗೆ ಕೊಲ್ಯಾಟರಲ್ಸ್ ಬೇರೆ ಬೇರೆ, ಡೇಟಾ ಚೆಲ್ಲಾಪಿಲ್ಲಿ ಆಗುತ್ತೆ, ಪರ್ಮಿಷನ್ ಕಷ್ಟ, ಮನಸ್ಸಿಗೂ ಕಷ್ಟ, ಈಗ ಹೊಸದಾಗಿ ಶುರು ಮಾಡೋಕೆ ನನಗೆ ಕಾರಣಾನೇ ಕಾಣಲ್ಲ. ಹಂದಿ ಹಾರ್ಟ್ ಗಾತ್ರದಲ್ಲೂ ಕರೋನರಿ ವಿನ್ಯಾಸದಲ್ಲೂ ನಮ್ಮದರ ತಮ್ಮ, ಕೊಲ್ಯಾಟರಲ್ಸ್ ಇಲ್ಲ ಅನ್ನೋಷ್ಟು ಕಮ್ಮಿ. ಸ್ಟೆಂಟ್, ಬಲೂನ್, ಕ್ಯಾಥೆಟರ್ ಮಾಡೋ ಸ್ಟಾರ್ಟಪ್‌ನವರಿಗೆ ಮನುಷ್ಯರ ಹತ್ರ ಹೋಗೋಕೆ ಮುಂಚೆ ಹಂದಿ ಬಿಟ್ರೆ ಗತಿ ಇಲ್ಲ. ಎಲ್‌ಎಡಿ ಮುಚ್ಚಿದ ಕೆಲವೇ ನಿಮಿಷದಲ್ಲಿ ಹಂದಿ ಹಾರ್ಟ್ ಲಯ ತಪ್ಪಿ ಬರೀ ನಡುಗೋ ಫಿಬ್ರಿಲೇಷನ್‌ಗೆ ಹೋಗಿ ಬಿಡೋದು ಮಾಮೂಲು, ಶಾಕ್ ಕೊಡೋ ಡಿಫಿಬ್ರಿಲೇಟರ್ ಪಕ್ಕದಲ್ಲೇ ಚಾರ್ಜ್ ಆಗಿ ಇರ್ಬೇಕು, ವೆಟರ್ನರಿ ಅನೆಸ್ತೆಟಿಸ್ಟ್ ಬೇಕು, ಆಪರೇಷನ್ ಥಿಯೇಟರ್ ಬೇಕು. ಲಕ್ಷಗಳ ಮಾತು.

ದುಡ್ಡೂ ಇಲ್ಲ, ಪ್ರಾಣಿ ಕೊಲ್ಲೋ ಮನಸ್ಸೂ ಇಲ್ಲ ಅನ್ನೋರಿಗೆ ಎರಡು ದಾರಿ ಇದೆ. ಒಂದು ಝೀಬ್ರಾಫಿಶ್ ಮರಿ, ಮೈ ಪಾರದರ್ಶಕ, ಮೊಟ್ಟೆಗೆ ಒಂದು ದಿನ ಆಗೋ ಹೊತ್ತಿಗೆ ಹಾರ್ಟ್ ಬಡಿಯೋದು ಸಾದಾ ಮೈಕ್ರೋಸ್ಕೋಪ್‌ನಲ್ಲೇ ಕಾಣುತ್ತೆ, ಮೊಬೈಲ್‌ನಲ್ಲಿ ವಿಡಿಯೋ ತೆಗೆದು ಎಣಿಸಬಹುದು. ಕ್ಯುಟಿ ಕೆಡಿಸೋ ಔಷಧಿ ಹಾಕಿದ್ರೆ ಬಡಿತ ನಿಧಾನ ಆಗಿ, ಮೇಲಿನ ಕೋಣೆ ಎರಡು ಸಲ ಬಡಿದ್ರೆ ಕೆಳಗಿಂದು ಒಂದೇ ಸಲ ಬಡಿಯೋದು ಕಣ್ಣಾರೆ ನೋಡಬಹುದು. ನೀರು 28 ಡಿಗ್ರಿ ಆಸುಪಾಸು ಇರ್ಬೇಕು, ಡಿಸೆಂಬರ್‌ನಲ್ಲಿ ನಮ್ಮೂರ ಚಳಿಗೆ ಹೀಟರ್ ಇಲ್ದೆ ಬಡಿತ ತಾನಾಗೇ ಇಳಿದು ಎಕ್ಸ್‌ಟ್ರಾಕ್ಟ್‌ನ ಮಹಿಮೆ ಅಂತ ಅನ್ಸುತ್ತೆ ಹುಷಾರು. ಕರೋನರಿ ಪ್ರಶ್ನೆಗೆ ಮಾತ್ರ ಮರಿ ಉಪಯೋಗ ಇಲ್ಲ, ಆ ವಯಸ್ಸಲ್ಲಿ ಅದಕ್ಕೆ ಕರೋನರಿನೇ ಹುಟ್ಟಿರಲ್ಲ. ಬೆಳೆದ ಝೀಬ್ರಾಫಿಶ್ ಕಥೆ ಬೇರೆ, ವೆಂಟ್ರಿಕಲ್‌ನ ಐದನೇ ಒಂದು ಭಾಗ ಕತ್ತರಿಸಿದ್ರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಸ್ಕೊಳ್ಳುತ್ತೆ ಅಂತ 2002ರಲ್ಲಿ ಪಾಸ್ ಮತ್ತು ಸಂಗಡಿಗರು ತೋರಿಸಿದ್ರು, ನಮ್ಮ ಹಾರ್ಟ್‌ಗೆ ಆ ಭಾಗ್ಯ ಇಲ್ಲ.

ಎರಡನೇ ದಾರಿ ನನಗೆ ತುಂಬಾ ಇಷ್ಟ, ಯಾರೂ ಮಾಡಲ್ಲ: ಮೇಕೆ ಗುಂಡಿಗೆ. ಊಟಕ್ಕೆ ಅಂತ ಹೇಗೂ ಕಡಿದಿರೋದು, ನಿಮಗೋಸ್ಕರ ಯಾವ ಪ್ರಾಣಿನೂ ಸಾಯಲ್ಲ. ಬೆಳಗಿನ ಜಾವ ಕಸಾಯಿಖಾನೆಗೆ ಹೋಗಿ, ಫ್ಲಾಸ್ಕ್‌ನಲ್ಲಿ ತಣ್ಣನೆ ಕ್ರೆಬ್ಸ್ ತಗೊಂಡು, "ಅಣ್ಣಾ, ಗುಂಡಿಗೆ ಸೀಳ್ಬೇಡಿ, ಹಂಗೇ ಇಡೀದು ಕೊಡಿ" ಅಂತ ಮೊದಲೇ ಹೇಳ್ಬೇಕು, ಅವರ ಕೈ ಅಭ್ಯಾಸ, ಹಾರ್ಟ್ ಕೈಗೆ ಬಂದ ತಕ್ಷಣ ಉದ್ದಕ್ಕೆ ಒಂದು ಏಟು ಹಾಕಿ ರಕ್ತ ಸುರಿಸಿ ಬಿಡ್ತಾರೆ, ಎಲ್‌ಎಡಿ ಅಲ್ಲೇ ಎರಡು ತುಂಡು. ಲ್ಯಾಬ್‌ಗೆ ತಂದು ಕೊಬ್ಬಿನ ಕೆಳಗಿಂದ ನಾಳ ಬಿಡಿಸಿ, ಎರಡ್ಮೂರು ಮಿ.ಮೀ. ಉಂಗುರ ಕತ್ತರಿಸಿ ಬೆಚ್ಚಗಿನ ಬಫರ್ ತುಂಬಿದ ಆರ್ಗನ್ ಬಾತ್‌ನಲ್ಲಿ ತಂತಿಗೆ ನೇತು ಹಾಕಿ, ಪೊಟ್ಯಾಸಿಯಂ ಕ್ಲೋರೈಡ್‌ನಿಂದ ಕುಗ್ಗಿಸಿ, ನಿಮ್ಮ ಔಷಧಿ ಹಾಕಿ ಎಷ್ಟು ಸಡಿಲ ಆಗುತ್ತೆ ನೋಡಿ. ಚಿಮಟದಿಂದ ಎಳೆಯೋವಾಗ ಒಳಗೋಡೆ ಉಜ್ಜಿ ಹೋಗ್ಬಾರ್ದು, ನಾಳ ಸಡಿಲ ಮಾಡೋ ಸಂದೇಶ ಹೊರಡೋದೇ ಆ ತೆಳು ಪದರದಿಂದ ಅಂತ ಫರ್ಚ್‌ಗಾಟ್ 1980ರಲ್ಲಿ ಮೊಲದ ಅಯೋರ್ಟಾದಲ್ಲಿ ತೋರಿಸಿದ್ದು, ಆ ದಾರಿಗೇ ಆಮೇಲೆ ನೊಬೆಲ್ ಬಂತು. ಇದರಲ್ಲಿ ಹಾರ್ಟ್ ಬಡಿಯಲ್ಲ, ಇನ್ಫಾರ್ಕ್ಟ್ ಇಲ್ಲ, ಒಂದೇ ಪ್ರಶ್ನೆಗೆ ಒಂದೇ ಉತ್ತರ, ಆದ್ರೆ ಖರ್ಚು ಆಟೋ ಚಾರ್ಜ್ ಮತ್ತು ಗುಂಡಿಗೆಯ ರೇಟು. ಒಂದು ಗುಂಡಿಗೆಲಿ ಹಲವು ಉಂಗುರ ಸಿಗುತ್ತೆ ಅಂತ ಅವನ್ನೆಲ್ಲ ಬೇರೆ ಬೇರೆ ಪ್ರಾಣಿ ಅಂತ ಎಣಿಸ್ಬೇಡಿ ಅಷ್ಟೇ.

ಹಾಗಿದ್ರೆ ನಾಲ್ಕು ಜನಕ್ಕೆ ನಾನು ಏನು ಹೇಳಿದೆ? ಎಂಟು ತಿಂಗಳು ಮಾತ್ರ ಇದೆ, ಲ್ಯಾಬ್‌ನಲ್ಲಿ ಸೆಟಪ್ ಇಲ್ಲ ಅಂದವಳಿಗೆ ಐಸೋಪ್ರೊಟೆರೆನಾಲ್ ಮಾಡು, ಜೊತೆಗೆ ಬೀಟಾ ಬ್ಲಾಕರ್ ಕೊಟ್ಟ ಒಂದು ಗ್ರೂಪ್ ಇಟ್ಕೋ, ಬಡಿತಾನೂ ಅಳಿ, ಟೈಟಲ್‌ನಲ್ಲಿ "ಇನ್ಫಾರ್ಕ್ಷನ್" ಬದಲು "ಐಸೋಪ್ರೊಟೆರೆನಾಲ್‌ನಿಂದಾದ ಹಾನಿ" ಅಂತ ಬರಿ ಅಂದೆ. ಧೂಳು ಹಿಡಿದ ಸೆಟಪ್ ಇದೆ, ಗೈಡ್‌ಗೆ ತಾಳ್ಮೆ ಇದೆ ಅಂದವನಿಗೆ ಇಲಿ ಲ್ಯಾಂಗೆಂಡಾರ್ಫ್, ಒತ್ತಡ ಫಿಕ್ಸ್, ಮೊದಲ ಎರಡು ತಿಂಗಳು ಬರೀ ಕಂಟ್ರೋಲ್. ಎದೆ ಬಡಿತ ಹೆಚ್ಚು ಕಮ್ಮಿ ಮಾಡೋ ಗಿಡ ಇಟ್ಕೊಂಡು ಕೂತವಳಿಗೆ ಮೊದಲು ಝೀಬ್ರಾಫಿಶ್ ಮರಿ, ಅದರಲ್ಲಿ ಏನಾದ್ರೂ ಕಂಡ್ರೆ ಮಾತ್ರ ಗಿನಿ ಪಿಗ್. ನಾಲ್ಕನೇ ಹುಡುಗಿ ಕರೋನರಿ ಹಿಗ್ಗಿಸೋದು ಮಾತ್ರ ನೋಡ್ಬೇಕು ಅಂದ್ಲು, ಮನೇಲಿ ಪಕ್ಕಾ ಸಸ್ಯಾಹಾರಿ, ಮೇಕೆ ಗುಂಡಿಗೆ ಅಂದಾಗ ಒಂದು ನಿಮಿಷ ಸುಮ್ಮನಾದ್ಲು, ಆಮೇಲೆ "ಅಕ್ಕ, ಎಷ್ಟು ಗಂಟೆಗೆ ಹೋಗ್ಬೇಕು, ಅಮ್ಮಂಗೆ ಏನು ಹೇಳ್ಲಿ" ಅಂತ ಕೇಳಿದ್ಲು. ಐದೂವರೆ ಅಂತ ಹೇಳಿದೀನಿ, ಆರೂವರೆ ಮೇಲೆ ಎಲ್ಲಾ ಸೀಳಿ ಬಿಟ್ಟಿರ್ತಾರೆ. ಅಮ್ಮಂಗೆ ಏನು ಹೇಳ್ಬೇಕು ಅನ್ನೋದು ಅವಳಿಗೇ ಬಿಟ್ಟಿದ್ದು.